ಚಿಕ್ಕ ಟ್ರ್ಯಾಕ್ಟರಿನ ಗೇರ್‌ಬಾಕ್ಸ್ ದೋಷ: ತಪ್ಪು ಎಣ್ಣೆಯದೋ, ಬೇರೆಯದೋ ಎಂದು ಪತ್ತೆಹಚ್ಚುವ ಕ್ರಮ

ಪುಣೆ ಜಿಲ್ಲೆಯ ಜುನ್ನರ್ ಮತ್ತು ನಾರಾಯಣಗಾಂವ್ ಸುತ್ತಲಿನ ದ್ರಾಕ್ಷಿ ತೋಟಗಳಲ್ಲಿ, ಪುರಂದರ ತಾಲ್ಲೂಕಿನ ಅಂಜೂರ ಹಾಗೂ ಸೀತಾಫಲದ ತೋಟಗಳಲ್ಲಿ, ಇಂದಾಪುರದ ದಾಳಿಂಬೆ ಸಾಲುಗಳ ನಡುವೆ 20ರಿಂದ 30 ಅಶ್ವಶಕ್ತಿಯ ಚಿಕ್ಕ ಟ್ರ್ಯಾಕ್ಟರುಗಳು ವರ್ಷವಿಡೀ ದುಡಿಯುತ್ತವೆ. ಅವುಗಳನ್ನು ಓಡಿಸುವವರಲ್ಲಿಯೂ ದುರಸ್ತಿ ಮಾಡುವವರಲ್ಲಿಯೂ ವಿಜಯಪುರ, ಕಲಬುರಗಿ, ಬೀದರ್ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಕನ್ನಡಿಗರಿದ್ದಾರೆ; ಈ ಕೈಪಿಡಿ ಅವರಿಗಾಗಿ. ಗೇರ್ ಬೀಳುವುದಿಲ್ಲ, ಬ್ರೇಕ್ ಕಿರುಚುತ್ತದೆ, ಹಿಂದಿನ ಉಪಕರಣವನ್ನು ಎತ್ತುವ ಲಿಫ್ಟ್ ಏಳಲು ತಡಮಾಡುತ್ತದೆ, ಗೇರುಗಳ ಹೊರಕವಚವಾದ ಹೌಸಿಂಗಿನೊಳಗಿನಿಂದ ಕೊಯ್ಯೆಂಬ ಸದ್ದು ಬರುತ್ತದೆ, ಎಣ್ಣೆ ಬೆಳ್ಳಗಾಗಿದೆ ಎಂಬ ದೂರುಗಳಲ್ಲಿ ಯಾವುದು ಬಂದರೂ ಅಂಗಡಿಗೆ ಹೋಗಿ ‘ನವ್ವದ್ ನಂಬರ್’ (90) ಇಲ್ಲವೇ ‘ಏಕ್‌ಶೇ ಚಾಳೀಸ್’ (140) ಕೇಳಿ ತಂದು ತುಂಬಿಬಿಡುವುದು ಇಲ್ಲಿಯ ರೂಢಿ. ಆ ಅಂಕಿಗಳು ಎಣ್ಣೆಯ ಗಟ್ಟಿತನವನ್ನಷ್ಟೇ ಹೇಳುತ್ತವೆ. ಆ ಎಣ್ಣೆ ಆ ಹೌಸಿಂಗಿನೊಳಗೆ ಯಾವ ಯಾವ ಭಾಗಗಳಿಗೆ ಏನೇನು ಮಾಡಿಕೊಡಬೇಕಾಗಿದೆ ಎಂಬುದನ್ನು ಅವು ಹೇಳುವುದಿಲ್ಲ. ತಪ್ಪು ಎಣ್ಣೆಯಿಂದ ಹುಟ್ಟುವ ದೋಷಗಳ ಬೇರು ಬಹುಪಾಲು ಅಲ್ಲಿಯೇ ಇರುತ್ತದೆ.

ಎಣ್ಣೆ ಯಾವ ಯಾವ ಭಾಗಗಳಿಗೆ ಹೋಗುತ್ತದೆ

ಪರೀಕ್ಷೆಯ ಮೊದಲ ಹೆಜ್ಜೆ ಪಾನಾ ಹಿಡಿಯುವುದಲ್ಲ, ಟ್ರ್ಯಾಕ್ಟರಿನ ಹೌಸಿಂಗನ್ನು ಸುತ್ತಿ ನೋಡುವುದು. ಹಳೆಯ ಬಗೆಯ ಕೆಲವು ಯಂತ್ರಗಳಲ್ಲಿ ಗೇರ್‌ಬಾಕ್ಸಿಗೂ ಲಿಫ್ಟಿಗೂ ಬೇರೆ ಬೇರೆ ಎಣ್ಣೆಯಿರುತ್ತಿತ್ತು, ಬ್ರೇಕ್ ಒಣ ಬಗೆಯದಾಗಿರುತ್ತಿತ್ತು. ಅಂಥ ಗೇರ್‌ಬಾಕ್ಸಿಗೆ 90 ನಂಬರಿನ ಗೇರ್ ಆಯಿಲ್ ಹಾಕುವುದರಲ್ಲಿ ತಪ್ಪೇನೂ ಇಲ್ಲ, ಏಕೆಂದರೆ ಅಲ್ಲಿ ಎಣ್ಣೆಗೆ ಹಲ್ಲುಗಳನ್ನೂ ಬೇರಿಂಗುಗಳನ್ನೂ ಕಾಯುವುದೊಂದೇ ಕೆಲಸ. ಆದರೆ ಇಂದಿನ ಚಿಕ್ಕ ಟ್ರ್ಯಾಕ್ಟರುಗಳಲ್ಲಿ ಬಹಳಷ್ಟು ಒಂದೇ ಹೌಸಿಂಗಿನ ಎಣ್ಣೆಯಿಂದ ಗೇರುಗಳು, ಹಿಂಬದಿಯ ಡಿಫರೆನ್ಷಿಯಲ್, ಲಿಫ್ಟಿನ ಹೈಡ್ರಾಲಿಕ್ ಪಂಪು, ಎಣ್ಣೆಯಲ್ಲಿ ಮುಳುಗಿದ ಬ್ರೇಕ್ ತಟ್ಟೆಗಳು, ಕೆಲವು ಮಾದರಿಗಳಲ್ಲಿ ಪಿಟಿಒ (ಎಂಜಿನ್ನಿನ ಬಲವನ್ನು ಉಪಕರಣಕ್ಕೆ ಕೊಡುವ ಶಾಫ್ಟು) ಕ್ಲಚ್ಚು ಮತ್ತು ಪವರ್ ಸ್ಟಿಯರಿಂಗ್ ಕೂಡ ನಡೆಯುತ್ತವೆ.

ಈ ಭಾಗಗಳ ಬೇಡಿಕೆಗಳು ಪರಸ್ಪರ ಎದುರಾಗಿವೆ. ಗೇರಿನ ಹಲ್ಲಿಗೆ ಒತ್ತಡದಲ್ಲಿ ಹರಿದುಹೋಗದ ದಪ್ಪ ಪದರ ಬೇಕು. ಪಂಪಿಗೆ ಜಾಲರಿಯ ಮೂಲಕ ಸಲೀಸಾಗಿ ಎಳೆದುಕೊಳ್ಳಲು ಬರುವ, ನೊರೆಯೇಳದ ತೆಳು ಎಣ್ಣೆ ಬೇಕು. ಮುಳುಗು ಬ್ರೇಕಿಗೆ ಬೇಕಾದದ್ದು ಇನ್ನೂ ವಿಚಿತ್ರವಾದದ್ದು: ತಟ್ಟೆಗಳು ಜಾರಲೂಬೇಕು, ಹಿಡಿಯಲೂಬೇಕು, ಜಾರಿಕೆಯಿಂದ ಹಿಡಿತಕ್ಕೆ ಬರುವಾಗ ಜಗ್ಗಾಟವಿರಬಾರದು. ಈ ಎಲ್ಲವನ್ನೂ ಒಟ್ಟಿಗೆ ಸರಿದೂಗಿಸಲು ತಯಾರಾದ ಎಣ್ಣೆಯೇ ಯುಟಿಟಿಒ, ಅಂದರೆ ಟ್ರ್ಯಾಕ್ಟರ್ ಟ್ರಾನ್ಸ್‌ಮಿಷನ್ನಿಗೆಂದೇ ಮಾಡಿದ ಬಹುಕೆಲಸದ ಎಣ್ಣೆ. ಜಾನ್ ಡೀರ್‌ನವರ ಜೆ20ಸಿ, ಮ್ಯಾಸಿ ಫರ್ಗ್ಯುಸನ್‌ನ ಎಂ1143 ಮತ್ತು ಎಂ1145, ಫೋರ್ಡ್ ಹಾಗೂ ನ್ಯೂ ಹಾಲೆಂಡ್‌ನ ಎಂ2ಸಿ134-ಡಿ ಎಂಬ ಗುರುತುಗಳು ಡಬ್ಬಿಯ ಹಿಂಬದಿಯಲ್ಲಿ ಕಂಡರೆ ಅದು ಈ ಜಾತಿಯ ಎಣ್ಣೆ ಎಂದು ತಿಳಿಯಬಹುದು. ಕುಬೋಟಾದವರು ತಮ್ಮದನ್ನು ಯುಡಿಟಿ ಎಂದು ಕರೆಯುತ್ತಾರೆ. ಎಸ್‌ಟಿಒಯು ಎಂಬ ಇನ್ನೊಂದು ಬಗೆ ಎಂಜಿನ್ನಿಗೂ ನಡೆಯುವಂಥದ್ದು. ಅದನ್ನೂ ಇದನ್ನೂ ಒಂದೇ ಎಂದು ಭಾವಿಸಬಾರದು, ಮುಖ್ಯವಾಗಿ ಯುಟಿಟಿಒ ಎಣ್ಣೆಯನ್ನು ಎಂಜಿನ್ನಿಗೆ ಹಾಕಕೂಡದು.

ಕೈಪಿಡಿ ಕಳೆದುಹೋಗಿದ್ದರೆ ಹೌಸಿಂಗೇ ಸಾಕಷ್ಟು ಸುಳಿವು ಕೊಡುತ್ತದೆ. ಲಿಫ್ಟಿಗೆ ಬೇರೆ ಟ್ಯಾಂಕಾಗಲಿ ಬೇರೆ ಡಿಪ್‌ಸ್ಟಿಕ್ಕಾಗಲಿ ಇಲ್ಲದೆ, ಟ್ರಾನ್ಸ್‌ಮಿಷನ್ನಿನ ಪಕ್ಕದಿಂದಲೇ ಒಂದು ದಪ್ಪ ಕೊಳವೆ ಫಿಲ್ಟರಿನ ಮೂಲಕ ಪಂಪಿಗೆ ಹೋಗಿದ್ದರೆ ಎಣ್ಣೆ ಎಲ್ಲ ಭಾಗಗಳಿಗೂ ಹಂಚಿಕೆಯದು ಎಂದು ಅರ್ಥ. ಹಿಂದಿನ ಆಕ್ಸಲಿನ ಬಳಿ ಒಣ ಬ್ರೇಕಿನ ಕಪ್ಪು ಧೂಳು, ಡ್ರಮ್ಮು ಅಥವಾ ಹೊಂದಿಕೆಯ ಕಿಂಡಿ ಯಾವುದೂ ಕಾಣದಿದ್ದರೆ ಬ್ರೇಕ್ ಎಣ್ಣೆಯೊಳಗೆ ಇರುವ ಸಂಭವ ಹೆಚ್ಚು. ಕಾಲಿನ ಪೆಡಲಿನಿಂದಲೇ ಮುಂದೆ ಹಿಂದೆ ಓಡುವ ಹೈಡ್ರೋಸ್ಟ್ಯಾಟಿಕ್ ಯಂತ್ರವಾದರಂತೂ ತಯಾರಕರು ಹೇಳಿದ ಎಣ್ಣೆಯ ಹೊರತು ಬೇರೆ ಪ್ರಯೋಗಕ್ಕೆ ಇಳಿಯಬಾರದು. ಅಲ್ಲಿ ಎಣ್ಣೆಯೇ ಎಂಜಿನ್ನಿನ ಬಲವನ್ನು ಚಕ್ರಕ್ಕೆ ಒಯ್ಯುತ್ತದೆ.

ಅಂಕಿಗಳ ಲೆಕ್ಕ

ಎಂಜಿನ್ ಆಯಿಲ್ಲಿನ ಅಂಕಿಗಳೂ ಗೇರ್ ಆಯಿಲ್ಲಿನ ಅಂಕಿಗಳೂ ಒಂದೇ ಅಳತೆಗೋಲಿನವಲ್ಲ. ಎಂಜಿನ್ನಿನದು ಎಸ್‌ಎಇ ಸಂಸ್ಥೆಯ ಜೆ300 ಎಂಬ ಮಾನಕಕ್ಕೆ ಸೇರಿದ್ದು, ಗೇರಿನದು ಜೆ306ಕ್ಕೆ. 15ಡಬ್ಲ್ಯೂ-40 ಎಂಜಿನ್ ಆಯಿಲ್ಲಿನ ಸ್ನಿಗ್ಧತೆ, ಅಂದರೆ ಗಟ್ಟಿತನ, 100 ಡಿಗ್ರಿ ಸೆಲ್ಸಿಯಸ್ಸಿನಲ್ಲಿ 12.5ರಿಂದ 16.3 ಸೆಂಟಿಸ್ಟೋಕ್ಸ್ ಒಳಗಿರಬೇಕು. ಎಸ್‌ಎಇ 90 ಗೇರ್ ಆಯಿಲ್ಲಿನದು 13.5ರಿಂದ 18.5ರ ಒಳಗೆ. ಅಂದರೆ 90 ಎಂಬುದು 40ಕ್ಕಿಂತ ಎರಡು ಪಟ್ಟು ದಪ್ಪವೇನೂ ಅಲ್ಲ, ಎರಡೂ ಹೆಚ್ಚುಕಡಿಮೆ ಒಂದೇ ಮಟ್ಟದವು. ಅವುಗಳನ್ನು ಬೇರ್ಪಡಿಸುವುದು ಒಳಗೆ ಸೇರಿಸಿದ ರಾಸಾಯನಿಕಗಳು. ಎಸ್‌ಎಇ 140 ಮಾತ್ರ ನಿಜಕ್ಕೂ ದಪ್ಪ. ಅದರ ಮಿತಿ 24ರಿಂದ ಆರಂಭವಾಗುತ್ತದೆ. ಯುಟಿಟಿಒ ಎಣ್ಣೆಯ ಡಬ್ಬಿಯ ಮೇಲೆ ಸಾಮಾನ್ಯವಾಗಿ 10ಡಬ್ಲ್ಯೂ-30 ಎಂದಿರುತ್ತದೆ, ಕೆಲವೊಮ್ಮೆ ಅದರ ಪಕ್ಕದಲ್ಲಿಯೇ ಗೇರಿನ ಅಳತೆಯಲ್ಲಿ 80ಡಬ್ಲ್ಯೂ ಎಂದೂ ಮುದ್ರಿಸಿರುತ್ತಾರೆ. ಅದರ ಸ್ನಿಗ್ಧತೆ 100 ಡಿಗ್ರಿಯಲ್ಲಿ ಸುಮಾರು 9ರಿಂದ 11.

ಬಿಸಿಯಲ್ಲಿ ಈ ವ್ಯತ್ಯಾಸ ಅಷ್ಟು ದೊಡ್ಡದೆನ್ನಿಸದಿದ್ದರೂ ತಂಪಿನಲ್ಲಿ ಅದು ವಿಪರೀತವಾಗಿ ಹಿಗ್ಗುತ್ತದೆ. 40 ಡಿಗ್ರಿಯಲ್ಲಿ ಸಾಮಾನ್ಯ ಯುಟಿಟಿಒ ಸುಮಾರು 60 ಸೆಂಟಿಸ್ಟೋಕ್ಸ್ ಇದ್ದರೆ 80ಡಬ್ಲ್ಯೂ-90 ಸುಮಾರು 140, 85ಡಬ್ಲ್ಯೂ-140 ಸುಮಾರು 350 ಇರುತ್ತದೆ. ಪುಣೆಯ ಡಿಸೆಂಬರ್ ಮತ್ತು ಜನವರಿಯ ಬೆಳಗುಗಳಲ್ಲಿ ತಾಪಮಾನ 10 ಡಿಗ್ರಿಗಿಂತ ಕೆಳಗಿಳಿಯುವುದುಂಟು, ಆಗ ಈ ಅಂತರ ಇನ್ನೂ ಹಲವು ಪಟ್ಟಾಗುತ್ತದೆ. ‘ಡಬ್ಲ್ಯೂ’ ಹಿಂದಿನ ಅಂಕಿಯ ಬಗ್ಗೆ ಮಾತ್ರ ನಮ್ಮ ಸೀಮೆಯವರು ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ: 80ಡಬ್ಲ್ಯೂ ಎಣ್ಣೆಯನ್ನು ಶೂನ್ಯಕ್ಕಿಂತ 26 ಡಿಗ್ರಿ ಕೆಳಗೆ, 85ಡಬ್ಲ್ಯೂ ಎಣ್ಣೆಯನ್ನು 12 ಡಿಗ್ರಿ ಕೆಳಗೆ ಪರೀಕ್ಷಿಸುತ್ತಾರೆ, ಅಂಥ ಚಳಿ ದಖ್ಖನ್ನಿನಲ್ಲಿ ಬರುವುದಿಲ್ಲ.

ಜಿಎಲ್-4, ಜಿಎಲ್-5 ಮತ್ತು ಹಳದಿ ಲೋಹ

ಅಂಕಿಯ ಪಕ್ಕದಲ್ಲಿ ಎಪಿಐ ಸಂಸ್ಥೆಯ ದರ್ಜೆಯೊಂದು ಇರುತ್ತದೆ. ಜಿಎಲ್-5 ಎಂಬುದು ಲಾರಿ, ಜೀಪುಗಳ ಹಿಂದಿನ ಆಕ್ಸಲಿನಲ್ಲಿರುವ ಹೈಪಾಯ್ಡ್ ಗೇರುಗಳಿಗಾಗಿ ರೂಪಿಸಿದ ದರ್ಜೆ. ಅಲ್ಲಿ ಹಲ್ಲಿನ ಮೇಲೆ ಹಲ್ಲು ಉರುಳುವುದರ ಜೊತೆಗೆ ಉದ್ದಕ್ಕೂ ಜಾರುವುದರಿಂದ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಹೆಚ್ಚಾಗಿ ಬೆರೆಸಿರುತ್ತಾರೆ. ಟ್ರ್ಯಾಕ್ಟರಿನ ಹಿಂದಿನ ಆಕ್ಸಲಿನಲ್ಲಿ ಸಾಮಾನ್ಯವಾಗಿ ಇರುವುದು ಅಂಥ ಅಡ್ಡ ಸರಿತವಿಲ್ಲದ ಸುರುಳಿ ಬೆವೆಲ್ ಗೇರು. ಅದಕ್ಕೆ ಜಿಎಲ್-4 ಸಾಕಾಗುತ್ತದೆ.

‘ಐದು ನಾಲ್ಕಕ್ಕಿಂತ ದೊಡ್ಡದು, ಹಾಗಾಗಿ ಒಳ್ಳೆಯದು’ ಎಂಬ ವಾದ ಇಲ್ಲಿ ನಡೆಯುವುದಿಲ್ಲ. ಗಂಧಕದ ಸಂಯುಕ್ತಗಳು ಬಿಸಿಯಲ್ಲಿ ಹಿತ್ತಾಳೆ ಮತ್ತು ಕಂಚಿನ ಭಾಗಗಳೊಂದಿಗೆ ವರ್ತಿಸುತ್ತವೆ. ಸಿಂಕ್ರೊ ಉಂಗುರ (ಗೇರು ಹಾಕುವಾಗ ತಿರುಗುವ ಭಾಗಗಳ ವೇಗವನ್ನು ಸರಿಹೊಂದಿಸುವುದು), ಬುಶ್ಶು, ಥ್ರಸ್ಟ್ ವಾಷರುಗಳು ಹಲವು ಗೇರ್‌ಬಾಕ್ಸುಗಳಲ್ಲಿ ಈ ಲೋಹಗಳಿಂದಲೇ ಆಗಿರುತ್ತವೆ. ತಾಮ್ರದ ಪಟ್ಟಿಯನ್ನು ಬಿಸಿ ಎಣ್ಣೆಯಲ್ಲಿ ಮುಳುಗಿಸಿ ಬಣ್ಣ ಎಷ್ಟು ಕಪ್ಪಾಯಿತು ಎಂದು ನೋಡಿ 1ರಿಂದ 4ರವರೆಗೆ ಅಂಕ ಕೊಡುವ ಎಎಸ್‌ಟಿಎಂ ಡಿ130 ಪರೀಕ್ಷೆ ಈ ಗುಣವನ್ನೇ ಅಳೆಯುತ್ತದೆ, 1 ಎಂದರೆ ಅತ್ಯುತ್ತಮ. ಈಚಿನ ಕೆಲವು ಜಿಎಲ್-5 ಎಣ್ಣೆಗಳು ಈ ಪರೀಕ್ಷೆಯಲ್ಲಿ ಚೆನ್ನಾಗಿಯೇ ತೇರ್ಗಡೆಯಾಗುತ್ತವೆ. ಹಾಗಿದ್ದರೂ ಸಿಂಕ್ರೊ ಉಂಗುರಕ್ಕೆ ಬೇಕಾದ ಘರ್ಷಣೆಯನ್ನು ಅವು ಕೊಡುತ್ತವೆ ಎಂಬ ಖಾತರಿಯಿಲ್ಲ. ಕೈಪಿಡಿ ಜಿಎಲ್-4 ಎಂದಿದ್ದರೆ ಜಿಎಲ್-4 ಎಣ್ಣೆಯನ್ನೇ ಹಾಕಬೇಕು.

ಗೇರ್ ಬೀಳದಿರುವುದು

ಇದು ಅತಿ ಸಾಮಾನ್ಯವಾದ ದೂರು, ಮತ್ತು ಎಣ್ಣೆಯ ಮೇಲೆ ಅತಿ ಹೆಚ್ಚು ಅನ್ಯಾಯವಾಗಿ ಹೊರಿಸಲಾಗುವ ಆರೋಪವೂ ಹೌದು. ಮೊದಲು ಎಂಜಿನ್ ನಿಲ್ಲಿಸಿ ಎಲ್ಲ ಗೇರುಗಳನ್ನೂ ಒಂದೊಂದಾಗಿ ಹಾಕಿ ನೋಡಬೇಕು. ಒಂದು ಹಲ್ಲಿಗೆ ಇನ್ನೊಂದು ಹಲ್ಲು ಎದುರಾಗಿ ನಿಂತಿದ್ದರೆ ಟ್ರ್ಯಾಕ್ಟರನ್ನು ತುಸು ಮುಂದೆ ತಳ್ಳಬೇಕಾದೀತು. ಹೀಗೆ ನಿಂತಾಗ ಸಲೀಸಾಗಿ ಬೀಳುವ ಗೇರು ಎಂಜಿನ್ ನಡೆಯುವಾಗ ಮಾತ್ರ ಕರಕರ ಎನ್ನುತ್ತಿದ್ದರೆ ಸಂಶಯ ಕ್ಲಚ್ಚಿನ ಮೇಲೆ ಹೋಗಬೇಕು. ಎಂಜಿನ್ನನ್ನು ನಿಧಾನ ವೇಗದಲ್ಲಿಟ್ಟು, ನ್ಯೂಟ್ರಲ್‌ನಲ್ಲಿ ಕ್ಲಚ್ಚನ್ನು ಪೂರ್ತಿ ಒತ್ತಿ, ಐದಾರು ಸೆಕೆಂಡು ಕಾದು, ಆಮೇಲೆ ಹಿಂಗೇರು ಹಾಕಬೇಕು. ಅಷ್ಟು ಹೊತ್ತಿಗೆ ಒಳಗಿನ ಶಾಫ್ಟು ನಿಂತಿರಬೇಕಾಗಿತ್ತು. ಆದರೂ ಹಲ್ಲು ಕಚ್ಚಾಡಿದರೆ ಕ್ಲಚ್ಚು ಪೂರ್ತಿ ಬಿಡುತ್ತಿಲ್ಲ. ಪೆಡಲಿನ ಸಡಿಲ ನಡೆ ಹಲವು ಚಿಕ್ಕ ಟ್ರ್ಯಾಕ್ಟರುಗಳಲ್ಲಿ 20ರಿಂದ 30 ಮಿಲಿಮೀಟರ್ ಇರಬೇಕು. ಅದು ಹೆಚ್ಚಾಗಿದ್ದರೆ ಹೊಂದಿಸಿದ ಮೇಲೆ ದೋಷ ಬಹುಮಟ್ಟಿಗೆ ಮಾಯವಾಗುತ್ತದೆ, ಎಣ್ಣೆಗೆ ಕಾಸು ಖರ್ಚು ಮಾಡುವ ಅಗತ್ಯವೇ ಬೀಳುವುದಿಲ್ಲ.

ಎಂಜಿನ್ ನಿಂತಾಗಲೂ ಲಿವರು ಬಿಗಿಯಾಗಿದ್ದು, ಬೆಳಿಗ್ಗೆ ಹೆಚ್ಚಾಗಿ, ಒಂದು ತಾಸು ದುಡಿದ ಮೇಲೆ ಕಡಿಮೆಯಾಗುತ್ತಿದ್ದರೆ ಆಗ ಎಣ್ಣೆಯ ಗಟ್ಟಿತನದ ಮಾತು ಬರುತ್ತದೆ. ಸಿಂಕ್ರೊ ಇರುವ ಗೇರ್‌ಬಾಕ್ಸಿನಲ್ಲಿ ಉಂಗುರವು ಶಂಕುವಿನ ಮೇಲಿನ ಎಣ್ಣೆಯ ಪದರವನ್ನು ಒರೆಸಿಹಾಕಿ ಲೋಹವನ್ನು ಹಿಡಿಯಬೇಕು. ಪದರ ದಪ್ಪವಾದಷ್ಟೂ ಆ ಹಿಡಿತ ತಡವಾಗುತ್ತದೆ. ಬಿಸಿಯಾದ ಮೇಲೂ ಸಿಂಕ್ರೊ ಸರಿಯಾಗಿ ಕೆಲಸಮಾಡದೆ, ಹಿಂದೆ ಚೆನ್ನಾಗಿದ್ದದ್ದು ಎಣ್ಣೆ ಬದಲಾಯಿಸಿದ ನಂತರ ಕೆಟ್ಟಿದ್ದರೆ ಎಣ್ಣೆಯ ದರ್ಜೆಯನ್ನು ವಿಚಾರಿಸಬೇಕು, ಅಲ್ಲಿ ಜಿಎಲ್-5 ಸಿಕ್ಕೀತು. ಚಳಿಗೂ ಬಿಸಿಗೂ ಸಂಬಂಧವಿಲ್ಲದೆ ಒಂದೇ ಒಂದು ಗೇರು ಮಾತ್ರ ತೊಂದರೆ ಕೊಡುತ್ತಿದ್ದರೆ ಅದು ಫೋರ್ಕು, ರೈಲು ಅಥವಾ ಆ ಗೇರಿನ ಹಲ್ಲಿನ ಸವೆತ. ಯಾವ ಎಣ್ಣೆಯೂ ಅದನ್ನು ಸರಿಪಡಿಸದು.

ಬ್ರೇಕ್ ಕಿರುಚುವುದು, ಲಿಫ್ಟ್ ತಡವಾಗುವುದು

ಈ ಎರಡನ್ನೂ ಒಟ್ಟಿಗೆ ಹೇಳುವುದಕ್ಕೆ ಕಾರಣವಿದೆ. ಹಂಚಿಕೆಯ ಹೌಸಿಂಗಿಗೆ ಮಾಮೂಲಿ ಗೇರ್ ಆಯಿಲ್ ಬಿದ್ದಾಗ ಇವೆರಡೂ ಜೊತೆಯಾಗಿಯೇ ಕಾಣಿಸಿಕೊಳ್ಳುತ್ತವೆ, ಆ ಜೋಡಿಯೇ ದೊಡ್ಡ ಸಾಕ್ಷಿ.

ಡಿಸೆಂಬರಿನಲ್ಲಿ ನಾರಾಯಣಗಾಂವ್ ಬಳಿಯ ದ್ರಾಕ್ಷಿ ತೋಟವೊಂದರ 24 ಅಶ್ವಶಕ್ತಿಯ, ನಾಲ್ಕೂ ಚಕ್ರಗಳಿಗೆ ಬಲ ಹೋಗುವ ಟ್ರ್ಯಾಕ್ಟರನ್ನು ನೋಡುವ ಪ್ರಸಂಗ ಬಂದಿತ್ತು. ಅಕ್ಟೋಬರ್ ಚಾಟಣಿಯ (ಬಳ್ಳಿ ಸವರುವ ಕೆಲಸದ) ನಂತರ ಔಷಧಿ ಸಿಂಪಡಣೆಗೆ ಬಿಡುವಿಲ್ಲದ ಕಾಲ ಅದು. ಬೆಳಗಿನ ಜಾವದಲ್ಲಿಯೇ ಯಂತ್ರ ಹೊರಡಬೇಕು. ಇಂಡಿ ತಾಲ್ಲೂಕಿನವರಾದ ಚಾಲಕರು ಹೇಳಿದ ಪ್ರಕಾರ, ಬೆಳಿಗ್ಗೆ ಲಿಫ್ಟ್ ಏಳಲು ಬಹಳ ಹೊತ್ತು ಹಿಡಿಯುತ್ತಿತ್ತು, ಆಗ ಪಂಪಿನ ಕಡೆಯಿಂದ ತೀಕ್ಷ್ಣವಾದ ಕೂಗು ಕೇಳುತ್ತಿತ್ತು; ಸಾಲಿನ ಕೊನೆಯಲ್ಲಿ ತಿರುಗಿಸಲು ಒಂದು ಬದಿಯ ಬ್ರೇಕ್ ಒತ್ತಿದರೆ ಇಡೀ ಹೌಸಿಂಗ್ ಗಡಗಡಿಸಿ ಕಿರುಚುತ್ತಿತ್ತು; ಹನ್ನೊಂದು ಗಂಟೆಯ ಹೊತ್ತಿಗೆ ಲಿಫ್ಟ್ ಸರಿಹೋಗುತ್ತಿತ್ತು, ಬ್ರೇಕಿನ ಸದ್ದು ಮಾತ್ರ ಉಳಿಯುತ್ತಿತ್ತು. ಆಕ್ಸಲ್ ಸೀಲಿನಿಂದ ತುಸು ಎಣ್ಣೆ ಒಸರುತ್ತದೆಂದು ದೀಪಾವಳಿಯ ಮುಂಚೆ ಎಲ್ಲಿಯೋ 140 ನಂಬರಿನ ಎಣ್ಣೆ ತುಂಬಿಸಿಕೊಂಡು ಬಂದಿದ್ದರು. ಸೋರಿಕೆ ಕಡಿಮೆಯಾದದ್ದು ನಿಜ. ಆದರೆ ಆ ಎಣ್ಣೆ ಹೀರುವ ಜಾಲರಿಯನ್ನು ದಾಟಿ ಪಂಪಿಗೆ ಸಮಯಕ್ಕೆ ತಲುಪುತ್ತಿರಲಿಲ್ಲ. ಖಾಲಿ ಜಾಗದಲ್ಲಿ ಗುಳ್ಳೆಗಳೆದ್ದು ಒಡೆಯುವ ಸದ್ದೇ ಆ ಕೂಗು. ಈ ಸ್ಥಿತಿ ಮುಂದುವರಿದರೆ ಪಂಪಿನ ಗೇರುಗಳೂ ಪಕ್ಕದ ತಟ್ಟೆಗಳೂ ಕೊರೆದುಹೋಗುತ್ತವೆ.

ಬ್ರೇಕಿನ ಕಾರಣ ಬೇರೆ. ತಟ್ಟೆಗಳು ಜಾರುವಾಗಿನ ಘರ್ಷಣೆಗಿಂತ ಹಿಡಿದು ನಿಲ್ಲುವಾಗಿನ ಘರ್ಷಣೆ ಬಹಳ ಹೆಚ್ಚಾಗಿದ್ದರೆ ಅವು ಹಿಡಿದು ಬಿಟ್ಟು, ಹಿಡಿದು ಬಿಟ್ಟು ನಡುಗುತ್ತವೆ. ಯುಟಿಟಿಒ ಎಣ್ಣೆಯಲ್ಲಿ ಈ ವ್ಯತ್ಯಾಸವನ್ನು ತಗ್ಗಿಸುವ ಘರ್ಷಣೆ ನಿಯಂತ್ರಕಗಳಿರುತ್ತವೆ, ಸಾಧಾರಣ ಗೇರ್ ಆಯಿಲ್ಲಿನಲ್ಲಿ ಅವು ಇರುವುದಿಲ್ಲ. ಎಣ್ಣೆ ಬಿಸಿಯಾಗಿ ತೆಳುವಾದರೂ ಈ ಕೊರತೆ ತುಂಬುವುದಿಲ್ಲವಾದ್ದರಿಂದಲೇ ಲಿಫ್ಟ್ ಸರಿಹೋದ ಮೇಲೂ ಬ್ರೇಕ್ ಕಿರುಚುತ್ತಿತ್ತು. ಎಣ್ಣೆಯನ್ನು ಎರಡು ಸಲ ಬದಲಾಯಿಸಿ, ಜಾಲರಿಯನ್ನು ತೊಳೆದು, ಫಿಲ್ಟರನ್ನೂ ಸೋರುವ ಸೀಲನ್ನೂ ಹೊಸದು ಹಾಕಿದ ಮೇಲೆ ಲಿಫ್ಟು ಕೂಡಲೇ ಸರಿಯಾಯಿತು. ಬ್ರೇಕಿನ ಸದ್ದು ಮಾತ್ರ ತಟ್ಟೆಗಳೊಳಗೆ ಸೇರಿಕೊಂಡಿದ್ದ ಹಳೆಯ ಎಣ್ಣೆ ಬಿಟ್ಟುಹೋಗುವವರೆಗೆ ಕೆಲವು ದಿನ ಸಣ್ಣಗೆ ಉಳಿದಿತ್ತು. ಸದ್ದು ತಗ್ಗದೇ ಇದ್ದಿದ್ದರೆ ತಟ್ಟೆಗಳ ಮೇಲ್ಮೈ ಗಾಜಿನಂತೆ ನುಣುಪುಗೊಂಡಿದೆಯೆಂದು ತಿಳಿದು ಹೌಸಿಂಗ್ ಬಿಚ್ಚಬೇಕಾಗುತ್ತಿತ್ತು.

ಲಿಫ್ಟ್ ತಡವಾಗುವುದು ಬಿಸಿಯಾದ ಮೇಲೆ ಹೆಚ್ಚುತ್ತಿದ್ದರೆ ಕಥೆ ತಿರುಗುತ್ತದೆ. ಆಗ ಎಣ್ಣೆ ಬೇಕಾದ್ದಕ್ಕಿಂತ ತೆಳುವಾಗಿರಬಹುದು, ಅಥವಾ ಪಂಪು ಇಲ್ಲವೇ ಲಿಫ್ಟಿನ ಪಿಸ್ಟನ್ ಸೀಲು ಸವೆದಿರಬಹುದು; ಭಾರ ಎತ್ತಿ ಎಂಜಿನ್ ನಿಲ್ಲಿಸಿದಾಗ ಉಪಕರಣ ಬೇಗ ಕೆಳಗಿಳಿದರೆ ಸೀಲು ಅಥವಾ ವಾಲ್ವು ಸೋರುತ್ತಿದೆ. ಇಳಿಜಾರಿನಲ್ಲಿ ಮಾತ್ರ ಲಿಫ್ಟ್ ಕೈಕೊಡುತ್ತಿದ್ದರೆ ಎಣ್ಣೆಯ ಮಟ್ಟ ಕಡಿಮೆಯಿದೆ, ಹೀರುಕೊಳವೆಯ ಬಾಯಿ ತೆರೆದುಕೊಳ್ಳುತ್ತಿದೆ ಎಂದು ಊಹಿಸಬಹುದು.

ಸದ್ದಿನ ಮೂಲ

ಸದ್ದನ್ನು ಯಾವುದು ಬದಲಾಯಿಸುತ್ತದೆ ಎಂಬುದನ್ನು ಗಮನಿಸಿದರೆ ಅದರ ಮೂಲ ತಿಳಿಯುತ್ತದೆ. ಟ್ರ್ಯಾಕ್ಟರ್ ನಿಂತಿದ್ದರೂ ಎಂಜಿನ್ ವೇಗದೊಂದಿಗೆ ಏರುತ್ತಾ, ಲಿಫ್ಟಿನ ಮೇಲೆ ಭಾರ ಬಿದ್ದಾಗ ದನಿ ಬದಲಾಯಿಸುವ ಸದ್ದು ಪಂಪಿನದು. ಪಿಟಿಒ ಹಾಕಿದಾಗ ಮಾತ್ರ ಬರುವುದು ಪಿಟಿಒ ಗೇರುಗಳದು. ನ್ಯೂಟ್ರಲ್‌ನಲ್ಲಿ ಇದ್ದು ಕ್ಲಚ್ ಒತ್ತಿದಾಗ ನಿಲ್ಲುವುದು ಗೇರ್‌ಬಾಕ್ಸಿನ ಒಳಸೇರುವ ಶಾಫ್ಟಿನ ಬೇರಿಂಗಿನದು, ಒತ್ತಿದಾಗ ಹುಟ್ಟುವುದು ರಿಲೀಸ್ ಬೇರಿಂಗಿನದು. ಎರಡು ಹಂತದ ಕ್ಲಚ್ಚಿರುವ ಮಾದರಿಗಳಲ್ಲಿ ಅರ್ಧ ಪೆಡಲು ಚಕ್ರದ ಕಡೆಯ ಬಲವನ್ನಷ್ಟೇ ಬಿಡಿಸುತ್ತದೆ, ಪೂರ್ತಿ ಪೆಡಲು ಪಿಟಿಒವನ್ನೂ ಬಿಡಿಸುತ್ತದೆ ಎಂಬುದನ್ನು ನೆನಪಿಟ್ಟು ಪರೀಕ್ಷಿಸಬೇಕು. ಚಕ್ರ ತಿರುಗುವ ವೇಗದೊಂದಿಗೇ ಏರಿಳಿಯುವುದು ಡಿಫರೆನ್ಷಿಯಲ್ ಅಥವಾ ಕೊನೆಯ ಇಳಿಗೇರಿನದು.

ಸವೆದ ಗೇರ್‌ಬಾಕ್ಸಿನ ಸದ್ದನ್ನು ಅಡಗಿಸಲು 140 ತುಂಬುವ ಪದ್ಧತಿ ಇಲ್ಲಿಯೂ ಇದೆ, ನಮ್ಮ ಕಡೆಯ ಹಳ್ಳಿಗಳಲ್ಲಿಯೂ ಇದೆ. ದಪ್ಪ ಪದರ ಸದ್ದನ್ನು ನುಂಗುತ್ತದೆ, ಸವೆತ ಇದ್ದಲ್ಲಿಯೇ ಇರುತ್ತದೆ. ಮಾರಾಟಕ್ಕೆ ಇಟ್ಟ ಹಳೆಯ ಟ್ರ್ಯಾಕ್ಟರ್ ಅತಿ ಶಾಂತವಾಗಿದ್ದರೆ ಕೊಳ್ಳುವವರು ಡಿಪ್‌ಸ್ಟಿಕ್ ಎತ್ತಿ ಎಣ್ಣೆ ಹೇಗೆ ತೊಟ್ಟಿಕ್ಕುತ್ತದೆ ಎಂದು ನೋಡುವುದು ಜಾಣತನ. ಲಿಫ್ಟಿಗೆ ಬೇರೆ ಎಣ್ಣೆಯಿದ್ದು, ಕೈಪಿಡಿಯೇ ಬೇಸಿಗೆಗೆ 140 ಸೂಚಿಸಿದ್ದರೆ ಮಾತ್ರ ಅದನ್ನು ಹಾಕುವುದಕ್ಕೆ ನನ್ನ ಆಕ್ಷೇಪವಿಲ್ಲ.

ಬೆಳ್ಳಗಾದ ಎಣ್ಣೆ

ಬೆಳ್ಳಗಾದ ಎಣ್ಣೆಯಲ್ಲಿ ಇರುವುದು ನೀರೂ ಆಗಬಹುದು, ಗಾಳಿಯೂ ಆಗಬಹುದು. ಎರಡನ್ನು ಬೇರ್ಪಡಿಸಲು ದುಬಾರಿ ಉಪಕರಣ ಬೇಕಾಗಿಲ್ಲ. ಯಂತ್ರ ನಡೆದ ಕೂಡಲೇ ಸ್ವಚ್ಛವಾದ ಗಾಜಿನ ಬಾಟಲಿಗೆ ತುಸು ಎಣ್ಣೆ ತೆಗೆದು ಅಲುಗಾಡಿಸದೆ ಇಡಬೇಕು. ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ತಿಳಿಯಾಗುತ್ತಾ ಬಂದರೆ ಅದು ಗಾಳಿ. ರಾತ್ರಿಯೆಲ್ಲ ಇಟ್ಟರೂ ಹಾಗೆಯೇ ಮಂಕಾಗಿದ್ದರೆ ಅಥವಾ ತಳದಲ್ಲಿ ಬೇರೆ ಪದರ ಕೂತರೆ ಅದು ನೀರು. ಇನ್ನೂ ಖಚಿತವಾಗಬೇಕೆಂದರೆ ಕಾದ ತವೆಯ ಮೇಲೆ ಒಂದೆರಡು ಹನಿ ಹಾಕಿ ಚಟಪಟ ಸದ್ದು ಬರುತ್ತದೆಯೇ ನೋಡಬಹುದು. ಕನ್ನಡಕ ಹಾಕಿಕೊಂಡು, ಮುಖ ದೂರವಿಟ್ಟು, ಬೆಂಕಿಯ ನೇರ ಉರಿಯಿಲ್ಲದೆ ಮಾಡಬೇಕು. ಸದ್ದು ಬಾರದಿದ್ದ ಮಾತ್ರಕ್ಕೆ ನೀರೇ ಇಲ್ಲವೆಂದು ತೀರ್ಮಾನಿಸಬಾರದು, ಬಹಳ ಕಡಿಮೆ ಪ್ರಮಾಣದ ನೀರು ಈ ಪರೀಕ್ಷೆಗೆ ಸಿಕ್ಕುವುದಿಲ್ಲ.

ಗಾಳಿಯಾದರೆ ಮಟ್ಟ ಹೆಚ್ಚಾಗಿ ಗೇರುಗಳು ಎಣ್ಣೆಯನ್ನು ಕಡೆಯುತ್ತಿರಬಹುದು, ಅಥವಾ ಮಟ್ಟ ಕಡಿಮೆಯಾಗಿ ಪಂಪು ಗಾಳಿ ಹೀರುತ್ತಿರಬಹುದು, ಅಥವಾ ಹೀರುಕೊಳವೆಯ ಓ-ರಿಂಗು ಒಣಗಿ ಬಿರಿದಿರಬಹುದು. ಆ ಓ-ರಿಂಗಿನಿಂದ ಹೊರಗೆ ಎಣ್ಣೆ ಸೋರದೆ ಒಳಗೆ ಗಾಳಿ ಮಾತ್ರ ಹೋಗುವುದರಿಂದ ಕಣ್ಣಿಗೆ ಏನೂ ಕಾಣುವುದಿಲ್ಲ. ಎರಡು ಬೇರೆ ಜಾತಿಯ ಎಣ್ಣೆ ಬೆರೆತಾಗಲೂ ನೊರೆ ತಡೆಯುವ ಗುಣ ಕೆಡಬಹುದು. ಉಳಿದ ಎಂಜಿನ್ ಆಯಿಲ್ಲನ್ನು ಹಾಳುಮಾಡಬಾರದೆಂದು ಗೇರ್‌ಬಾಕ್ಸಿಗೆ ಸುರಿಯುವವರಿಗೆ ಈ ಮಾತು.

ನೀರಿನ ದಾರಿಗಳು ಹಲವು. ಮುಳಶಿ, ಮಾವಳ, ಭೋರ್ ಕಡೆಯ ಭತ್ತದ ಗದ್ದೆಗಳಲ್ಲಿ ಕೆಸರು ಕಲಸುವಾಗ ಆಕ್ಸಲ್ ಸೀಲಿನ ತುಟಿಯನ್ನು ಮಣ್ಣು ಕೊರೆದು ನೀರಿಗೆ ದಾರಿಮಾಡುತ್ತದೆ. ಕೆಲಸ ಮುಗಿದ ಕೂಡಲೇ ಬಿಸಿ ಹೌಸಿಂಗಿನ ಮೇಲೆ ಒತ್ತಡದ ನೀರು ಬಿಟ್ಟು ತೊಳೆದರೆ ಒಳಗಿನ ಗಾಳಿ ಕುಗ್ಗಿ, ಗಾಳಿಯಾಡುವ ಕಿಂಡಿಯಾದ ಬ್ರೀದರಿನ ಮೂಲಕವೋ ಲಿವರಿನ ಹರಿದ ರಬ್ಬರ್ ಮುಸುಕಿನ ಮೂಲಕವೋ ನೀರನ್ನು ಎಳೆದುಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಹೊರಗೆ ನಿಲ್ಲಿಸಿದ ಟ್ರ್ಯಾಕ್ಟರಿನಲ್ಲಿ ಹಗಲ ಬಿಸಿ, ರಾತ್ರಿಯ ತಂಪಿನ ಉಸಿರಾಟದಿಂದಲೇ ತೇವ ಸೇರುತ್ತದೆ. ಬ್ರೀದರನ್ನು ಬಿಚ್ಚಿ ಊದಿ ನೋಡಬೇಕು. ಅದು ಕಟ್ಟಿಕೊಂಡರೆ ಬಿಸಿಯಾದ ಗಾಳಿಯ ಒತ್ತಡ ಒಳ್ಳೆಯ ಸೀಲುಗಳನ್ನೂ ಸೋರಿಸುತ್ತದೆ, ಜನ ಸೀಲು ಬದಲಾಯಿಸುತ್ತಲೇ ಇರುತ್ತಾರೆ.

ನೀರು ಸೇರಿದ ಎಣ್ಣೆಯನ್ನು ಕಾಯಿಸಿ ಒಣಗಿಸುವ ಉಪಾಯಗಳನ್ನು ನಂಬಬಾರದು. ದಾರಿ ಮುಚ್ಚಿ, ಎಣ್ಣೆ ಬದಲಾಯಿಸುವುದೊಂದೇ ಮಾರ್ಗ.

ಬಸಿದ ಎಣ್ಣೆಯನ್ನು ಓದುವುದು

ಬಸಿಯುವ ಬಿರಡೆಯಲ್ಲಿ ಆಯಸ್ಕಾಂತವಿದ್ದರೆ ಅದರ ಮೇಲೆ ಬೂದು ಬಣ್ಣದ ನುಣ್ಣನೆಯ ಲೇಪ ಇರುವುದು ಸಹಜ, ಹೊಸ ಟ್ರ್ಯಾಕ್ಟರಿನಲ್ಲಿ ಅದು ಇನ್ನೂ ಹೆಚ್ಚು. ಹಲವು ತಯಾರಕರು ಮೊದಲ 50 ತಾಸುಗಳಲ್ಲಿಯೇ ಟ್ರಾನ್ಸ್‌ಮಿಷನ್ನಿನ ಫಿಲ್ಟರು ಅಥವಾ ಎಣ್ಣೆ ಬದಲಾಯಿಸಲು ಹೇಳುವುದು ಈ ಕಾರಣಕ್ಕೆ. ಬೆರಳಿಗೆ ಚುಚ್ಚುವ ಚೂರುಗಳು ಸಿಕ್ಕರೆ ಹಲ್ಲು ಅಥವಾ ಬೇರಿಂಗ್ ಮುರಿದಿದೆ. ಆಯಸ್ಕಾಂತಕ್ಕೆ ಅಂಟದೆ ಎಣ್ಣೆಯಲ್ಲಿ ಹೊಂಬಣ್ಣವಾಗಿ ಮಿನುಗುವ ಕಣಗಳು ಕಂಚಿನವು. ಸಿಂಕ್ರೊ ಉಂಗುರ ಅಥವಾ ವಾಷರು ಕರಗುತ್ತಿದೆ, ಎಣ್ಣೆಯ ದರ್ಜೆಯನ್ನು ಮತ್ತೊಮ್ಮೆ ವಿಚಾರಿಸಬೇಕು. ಫಿಲ್ಟರನ್ನು ಕತ್ತರಿಸಿದಾಗ ನಾರಿನಂಥ ಕಂದು ಪುಡಿ ಸಿಕ್ಕರೆ ಬ್ರೇಕ್ ಅಥವಾ ಕ್ಲಚ್ ತಟ್ಟೆಯ ಹೊದಿಕೆ ಹೋಗುತ್ತಿದೆ. ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದರೆ ಅದು ಮಿತಿಮೀರಿ ಕಾದಿದೆ; ತಾಪ 10 ಡಿಗ್ರಿ ಏರಿದಂತೆಲ್ಲ ಎಣ್ಣೆ ಹಳಸುವ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ಈ ಕ್ಷೇತ್ರದ ಒಪ್ಪಿತ ಲೆಕ್ಕ. ಗೇರ್ ಆಯಿಲ್ಲಿನ ಸಹಜವಾದ ಗಂಧಕದ ಘಾಟನ್ನು ಸುಟ್ಟ ವಾಸನೆಯೆಂದು ತಿಳಿದು ಗಾಬರಿಯಾಗಬಾರದು.

ಬದಲಾಯಿಸುವಾಗ

ಅರ್ಧ ತಾಸು ದುಡಿಸಿ ಬೆಚ್ಚಗಾದ ಮೇಲೆ, ಸಮತಟ್ಟಾದ ಜಾಗದಲ್ಲಿ, ಲಿಫ್ಟ್ ತೋಳುಗಳನ್ನು ಪೂರ್ತಿ ಕೆಳಗಿಳಿಸಿ ಎಣ್ಣೆ ಬಸಿಯಬೇಕು. ಬಿರಡೆಗಳು ಒಂದಕ್ಕಿಂತ ಹೆಚ್ಚಿರುತ್ತವೆ. ಹಿಂದಿನ ಆಕ್ಸಲಿನ ಎರಡು ಬದಿಗಳಲ್ಲಿ ಕೆಳಗೆ ಅಡಗಿರುವುದನ್ನು ಬಿಟ್ಟರೆ ಹಳೆಯ ಎಣ್ಣೆಯ ದೊಡ್ಡ ಪಾಲು ಒಳಗೇ ಉಳಿಯುತ್ತದೆ. ತಪ್ಪು ಎಣ್ಣೆ ತೆಗೆಯುವಾಗ ಡೀಸೆಲ್ ಅಥವಾ ಸೀಮೆಎಣ್ಣೆ ತುಂಬಿ ಓಡಿಸಿ ತೊಳೆಯುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಹಲ್ಲು ಮತ್ತು ಪಂಪುಗಳು ಆ ಹೊತ್ತಿನಲ್ಲಿ ಪದರವಿಲ್ಲದೆ ಉಜ್ಜಿಕೊಳ್ಳುತ್ತವೆ, ಮೂಲೆಗಳಲ್ಲಿ ಉಳಿದ ಡೀಸೆಲ್ ಹೊಸ ಎಣ್ಣೆಯನ್ನು ತೆಳುಮಾಡುತ್ತದೆ. ಸರಿಯಾದ ಜಾತಿಯ, ಕಡಿಮೆ ಬೆಲೆಯ ಎಣ್ಣೆಯನ್ನೇ ತುಂಬಿ, ಹಗುರ ಕೆಲಸ ಮಾಡಿಸಿ, ಲಿಫ್ಟನ್ನು ಹಲವು ಸಲ ಏರಿಸಿಳಿಸಿ ಮತ್ತೆ ಬಸಿಯುವುದು ಖರ್ಚಿನ ದಾರಿಯಾದರೂ ಸುರಕ್ಷಿತ.

ತುಂಬುವಾಗ ಲೀಟರಿನ ಲೆಕ್ಕಕ್ಕಿಂತ ಡಿಪ್‌ಸ್ಟಿಕ್ಕಿನ ಗೆರೆಯನ್ನು ನಂಬಬೇಕು. ತುಂಬಿ, ಎಂಜಿನ್ ನಡೆಸಿ, ಲಿಫ್ಟ್ ಮತ್ತು ಸ್ಟಿಯರಿಂಗ್ ಆಡಿಸಿ, ನಿಲ್ಲಿಸಿ, ಕೆಲವು ನಿಮಿಷ ಕಾದು ಮತ್ತೆ ನೋಡಿದರೆ ಮಟ್ಟ ಇಳಿದಿರುತ್ತದೆ, ಆಗ ಪೂರೈಸಬೇಕು. ಅಂಗಡಿಯಲ್ಲಿ ಡ್ರಮ್ಮಿನಿಂದ ಅಳೆದುಕೊಡುವ ಬಿಡಿ ಎಣ್ಣೆಯಲ್ಲಿ ದರ್ಜೆಯೂ ಗೊತ್ತಾಗುವುದಿಲ್ಲ, ಎಷ್ಟು ಧೂಳು ಕುಡಿದಿದೆ ಎಂಬುದೂ ಗೊತ್ತಾಗುವುದಿಲ್ಲ. ಮುದ್ರೆ ಒಡೆಯದ, ತಯಾರಿಕೆಯ ಕಂತಿನ ಸಂಖ್ಯೆಯಿರುವ ಡಬ್ಬಿಯನ್ನೇ ಕೊಳ್ಳಬೇಕು. ಬಸಿದ ಎಣ್ಣೆಯನ್ನು ಕುಕಡಿ ಕಾಲುವೆಯ ದಂಡೆಗೆ ಚೆಲ್ಲುವಂತಿಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅದು ಅಧಿಕೃತ ಮರುಬಳಕೆದಾರರ ಕೈಗೇ ಹೋಗಬೇಕು.

ನಾಲ್ಕು ಚಕ್ರಗಳಿಗೂ ಬಲವಿರುವ ಮಾದರಿಗಳಲ್ಲಿ ಮುಂದಿನ ಆಕ್ಸಲಿಗೆ ಬೇರೆಯದೇ ಎಣ್ಣೆ, ಬೇರೆಯದೇ ಬಿರಡೆ, ಬೇರೆಯದೇ ಮಟ್ಟವಿದೆ ಎಂಬುದು ಎಷ್ಟೋ ಸಲ ಮರೆತೇ ಹೋಗುತ್ತದೆ. ಅಲ್ಲಿ ಬ್ರೇಕಾಗಲಿ ಪಂಪಾಗಲಿ ಇಲ್ಲದ ಮಾದರಿಗಳಿಗೆ 80ಡಬ್ಲ್ಯೂ-90 ಗೇರ್ ಆಯಿಲ್ಲನ್ನು ತಯಾರಕರು ಒಪ್ಪುವುದುಂಟು; ಹಿಂದಿನ ಹೌಸಿಂಗಿಗೆ ತಪ್ಪೆಂದು ತಿಳಿದು ತೆಗೆದಿಟ್ಟ, ಇನ್ನೂ ಮುದ್ರೆ ಒಡೆಯದ ಡಬ್ಬಿ ಉಳಿದಿದ್ದರೆ, ಕೈಪಿಡಿಯ ಮುಂದಿನ ಆಕ್ಸಲಿನ ಸಾಲನ್ನು ಓದಿ, ದರ್ಜೆ ಹೊಂದಿದಲ್ಲಿ ಅದನ್ನು ಅಲ್ಲಿ ಬಳಸಬಹುದು.